ಒಂಬತ್ತರ ಗೇಟು

ಮನೆಯೊಳಗೊಂದು ಗೇಟು ಹಾಕುವ ಮಾತು ಎದ್ದದ್ದು ಊಟಕ್ಕೆ ಕೂತಾಗ. ಎಬ್ಬಿಸಿದವನು ಮಗ ಕಾರ್ತಿಕ.

“ಅಪ್ಪಾ, ನಮ್ಮ ಮನಿ ನೆಟ್ಟು ರಾತ್ರಿ ಯಾರ ಹೊಟ್ಟಿಗೆ ಹೋಗಾಕತ್ತೈತಿ ಗೊತ್ತೈತೇನ?”

ವೀರಭದ್ರಪ್ಪ ರೊಟ್ಟಿಯ ಚೂರಿನಿಂದ ಪುಂಡಿಪಲ್ಯ ಬಳಿದುಕೊಳ್ಳುತ್ತಿದ್ದ. “ಯಾರ ಹೊಟ್ಟಿಗೆ?”

“ಸಂಯುನ ಫೋನಿಗೆ. ಹತ್ತಕ್ಕ ಶುರು ಆದ್ರ ಹನ್ನೊಂದೂವರಿ ತನ. ದಿನಾ. ಬರೇ ವಿಡಿಯೊ.”

ಎದುರಿಗೆ ಕೂತಿದ್ದ ಸಂಯುಕ್ತಾ ತಲೆಯೆತ್ತಿದಳು. ಇಂಟರ್, ಅಂದರೆ ಇಲ್ಲಿನ ಪಿಯುಸಿ, ಎರಡನೆಯ ವರ್ಷದ ಹುಡುಗಿ. “ನನ್ನ ಫೋನ್‌ನಾಗ ಏನ್ ಹಾಕೀದಿ ನೀನು?”

“ಒಂದು ಆ್ಯಪ್. ನಿನ್ನ ಒಳ್ಳೇದಕ್ಕ.”

“ಹೋದ ವಾರ ಅಪ್ಪಗ ನಿನ್ನ ಸುದ್ದಿ ಹೇಳಿದ್ದಕ್ಕ ಈ ಸೇಡೇನ?”

ಅದು ಸೇಡೇ ಆಗಿತ್ತು. ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದ ಕಾರ್ತಿಕ ದಿನಾ ಮುಂಜಾನೆ ಡಬ್ಬಿ ಕಟ್ಟಿಸಿಕೊಂಡು ದಿಲ್‌ಸುಖ್‌ನಗರದ ತರಬೇತಿ ಕೇಂದ್ರಕ್ಕೆ ಹೊರಡುತ್ತಿದ್ದ. ಅರ್ಧ ದಾರಿಯಲ್ಲೇ ಮೆಟ್ರೊ ಇಳಿದು ಗೆಳೆಯರ ರೂಮಿನಲ್ಲಿ ಮಲಗಿ, ಸಂಜೆ ದಣಿದ ಮುಖ ಹಾಕಿಕೊಂಡು ವಾಪಸು ಬರುತ್ತಿದ್ದ. ತಂಗಿ ಅದನ್ನು ಅಪ್ಪನ ಕಿವಿಗೆ ಹಾಕಿದ್ದಳು. ಅಪ್ಪ ಆ ದಿನ ಪಕ್ಕದ ಮನೆಗೆ ಕೇಳುವಂತೆ ಬೈದಿದ್ದ.

ಈಗ ಅಪ್ಪನ ಕಣ್ಣು ಮಗಳ ಮೇಲೆ ತಿರುಗಿತು. “ಹನ್ನೊಂದೂವರಿ ತನ ಏನ್ ನೋಡ್ತಿ?”

ಸಂಯುಕ್ತಾ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಉಷಾಳ ಅಂಗೈ ಹಿಟ್ಟಿನ ಮೇಲೆ ನಿಂತುಬಿಟ್ಟಿತ್ತು.

“ಏನಿಲ್ಲ,” ಎಂದಳು ಹುಡುಗಿ.

ಆ ಒಂದೂವರೆ ಗಂಟೆ ಉಷಾಳದು. ಗಂಡನಿಗೆ ಮೊದಲ ಪಾಳಿ ಇದ್ದರೆ ನಾಲ್ಕೂವರೆಗೆ ಎದ್ದು ಅವನ ಡಬ್ಬಿ, ಆಮೇಲೆ ಮಗನ ಡಬ್ಬಿ, ಮಗಳ ಡಬ್ಬಿ, ಮಾವನ ಸ್ನಾನಕ್ಕೆ ಬಿಸಿನೀರು, ಮಾವನ ಗುಳಿಗೆ, ಬಟ್ಟೆ, ಭಾಂಡೆ, ಮಾರ್ಕೆಟ್ಟು, ಮತ್ತೆ ಒಲೆ. ರಾತ್ರಿ ಕಟ್ಟೆ ಒರೆಸಿ ಮುಗಿಸುವ ಹೊತ್ತಿಗೆ ಮಗಳು ತನ್ನ ಫೋನನ್ನು ತಾಯಿಯ ಕೈಗಿಟ್ಟು ಮಲಗುತ್ತಿದ್ದಳು. ಉಷಾ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ರೈಲು ನೋಡುತ್ತಿದ್ದಳು. ಇಂಜಿನ್ನಿನ ಮುಂದಿನ ಗಾಜಿನಿಂದ ಯಾರೋ ತೆಗೆದ ವಿಡಿಯೊಗಳು. ಹಳಿ ಬರುತ್ತದೆ, ಹಳಿ ಹೋಗುತ್ತದೆ, ಊರು ಬರುತ್ತದೆ, ಸೇತುವೆ ಬರುತ್ತದೆ. ಮಾತಿಲ್ಲ. ಯಾರೂ ನೀರು ಕೇಳುವುದಿಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷ ದಾಟಿದರೂ ಅವಳು ರೈಲು ಹತ್ತಿದ್ದು ಲಿಂಗಸೂಗೂರು ಕಡೆಯ ಮದುವೆಗೆ, ಮಣ್ಣಿಗೆ. ಅದೂ ರಾಯಚೂರಿನ ತನಕ, ತೊಡೆಯ ಮೇಲೆ ಗಂಟಿಟ್ಟುಕೊಂಡು, ಕಿಟಕಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು. ಅವಳಿಗೆಂದು ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಹಳಿ ಕಾಣುವುದಿಲ್ಲ.

“ಏನಿಲ್ಲ ಅಂದ್ರ ಏನೋ ಐತಿ ಅಂತ ಅರ್ಥ,” ಎಂದ ವೀರಭದ್ರಪ್ಪ. “ನಾಳಿಂದ ಒಂಬತ್ತಕ್ಕ ಫೋನ್ ಬಂದ್.”

“ನಾನು ಆ್ಯಪ್‌ನಾಗ ಬಂದ್ ಮಾಡ್ತೀನಿ ಬಿಡು,” ಎಂದ ಕಾರ್ತಿಕ.

“ನಿನ್ನ ಆ್ಯಪ್ ಯಾರು ನಂಬಬೇಕು? ಆಕಿ ನಿನಗಿಂತ ಶ್ಯಾಣ್ಯಾ ಅದಾಳ. ಫೋನ ಕೈಯಾಗ ಇರಬಾರದು.”

ಆಗ ಮೂಲೆಯ ಮಂಚದ ಮೇಲೆ ಚಂದ್ರಾಮ ಎದ್ದು ಕೂತ. ವೀರಭದ್ರಪ್ಪನ ಅಪ್ಪ, ಮಕ್ಕಳ ಮುತ್ಯಾ. ಮಗ ಈಗ ದುಡಿಯುತ್ತಿರುವ ರಕ್ಷಣಾ ಕಾರ್ಖಾನೆಯ ಗೇಟಿನಲ್ಲೇ ಹವಾಲ್ದಾರನಾಗಿದ್ದು ನಿವೃತ್ತನಾದವನು. ಅಲ್ಲಿ ಒಳಗೆ ಹೋಗುವವರೆಲ್ಲ ಗೇಟಿನಲ್ಲಿ ಫೋನು ಒಪ್ಪಿಸಿ ಟೋಕನ್ ಪಡೆಯಬೇಕು, ಹೊರಗೆ ಬರುವಾಗ ಟೋಕನ್ ಕೊಟ್ಟು ಫೋನು ಬಿಡಿಸಿಕೊಳ್ಳಬೇಕು.

“ಗೇಟ್ ಹಾಕೂಣು,” ಎಂದ ಮುತ್ಯಾ. ಹಲ್ಲಿಲ್ಲದ ಬಾಯಿ ಬೆಳಗಿತು. ಟ್ರಂಕಿನೊಳಗೆ ಕೈಯಾಡಿಸಿ ನಾಲ್ಕು ಹಿತ್ತಾಳೆ ಬಿಲ್ಲೆ ತೆಗೆದ. ಕಾರ್ಖಾನೆಗೆ ಪ್ಲಾಸ್ಟಿಕ್ ಟೋಕನ್ ಬಂದಾಗ ಜೊತೆಗಾರರು ನೆನಪಿಗೆಂದು ಕೊಟ್ಟವು. ಗುಳಿಗೆಗಳಿದ್ದ ಮರದ ಪೆಟ್ಟಿಗೆ ಖಾಲಿಯಾಯಿತು. ಅದಕ್ಕೊಂದು ಕೀಲಿ ಬಿತ್ತು. “ಜನರಲ್ ಮ್ಯಾನೇಜರ್ ಸಾಹೇಬನ ಫೋನೂ ಬಿಟ್ಟಿಲ್ಲ ನಾನು. ‘ಹವಾಲ್ದಾರ್, ನನ್ನ ಗುರ್ತ ಸಿಗಲಿಲ್ಲೇನ’ ಅಂತ ಕೇಳಿದ್ರು. ಗುರ್ತ ಐತಿ ಸಾಬ್, ಟೋಕನ್ ತಗೋರಿ ಅಂದೆ. ಗೇಟ್ ಅಂದ್ರ ಗೇಟ್.”

ಮರುದಿನ ಒಂಬತ್ತಕ್ಕೆ ಸಂಯುಕ್ತಾ ಫೋನು ಒಪ್ಪಿಸಿ ಬಿಲ್ಲೆ ಪಡೆದಳು. ಬೆಳಿಗ್ಗೆ ಆರಕ್ಕೆ ಬಿಲ್ಲೆ ಕೊಟ್ಟು ಫೋನು ಬಿಡಿಸಿಕೊಂಡಳು. ಕಾರ್ತಿಕ ಮಂಚದ ಮೇಲೆ ಮಲಗಿ ತನ್ನ ಫೋನಿನಲ್ಲಿ ಕ್ರಿಕೆಟ್ ನೋಡುತ್ತ ನಕ್ಕ.

ಮೊದಲ ವಾರ ಉಷಾ ಖಾಲಿ ಕೈಯಲ್ಲಿ ಬಕೆಟ್ಟಿನ ಮೇಲೆ ಕೂತಳು. ಸ್ಟೇಷನ್ನಿನಿಂದ ಲೋಕಲ್ ಹೊರಡುವ ಸದ್ದು ಕೇಳುತ್ತಿತ್ತು, ಕಾಣುತ್ತಿದ್ದದ್ದು ಎದುರು ಮನೆಯ ಒಣಗಿದ ಲುಂಗಿ.

ಎರಡನೆಯ ವಾರದ ಒಂದು ರಾತ್ರಿ ಅವಳು ಮಾವನ ದಿಂಬಿನ ಕೆಳಗಿಂದ ಕೀಲಿ ತೆಗೆದಳು.

ಬೆಳಿಗ್ಗೆ ಮುತ್ಯಾ ಪೆಟ್ಟಿಗೆ ತೆಗೆದು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. “ವೀರಭದ್ರಾ! ರಾತ್ರಿ ಒಳಗ ಹಾಕುಮುಂದ ಚಾರ್ಜ್ ತುಂಬಿತ್ತು. ಈಗ ಅರ್ಧ ಐತಿ. ಗೇಟ್ ಒಡದಾರ!”

ವೀರಭದ್ರಪ್ಪ ಬಾಯೊಳಗಿನ ಬ್ರಷ್ ತೆಗೆಯದೆ ಬಂದ. “ಏ ಸಂಯು, ಮುತ್ಯಾನ ದಿಂಬಿನ ಬುಡಕ್ಕ ಕೈ ಹಾಕೂ ಮಟ್ಟಕ್ಕ ಬಂದ್ಯೇನ? ಯಾರಂವ?”

“ಯಾರೂ ಇಲ್ಲ.”

“ಯಾರೂ ಇಲ್ಲದ ಕಳವು ಮಾಡ್ತಾರೇನ? ಹೆಸರು ಹೇಳು.”

ಉಷಾ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಮಗಳು ತಾಯಿಯನ್ನು ಕಣ್ಣಲ್ಲೇ ತಡೆದಳು. ಅಪ್ಪ ಸ್ನಾನಕ್ಕೆ ಹೋದಮೇಲೆ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. “ನೀ ಸುಮ್ನಿರು ಅವ್ವಾ. ನಾನು ನಾಕು ಬೈಗಳ ತಿಂತೀನಿ. ನೀ ಒಪ್ಕೊಂಡ್ರ ನಿನಗ ಮುಂದ ಎಂದೂ ಫೋನ್ ಸಿಗಾಂಗಿಲ್ಲ.”

ಉಷಾ ಸುಮ್ಮನಿದ್ದಳು. ಹೆದರಿಕೆಗೆ ಸುಮ್ಮನಿದ್ದಳು. ನಾಲ್ಕು ಬೈಗಳಿಗೆ ಮುಗಿಯುತ್ತದೆಂದು ತಾಯಿ ಮಗಳು ಇಬ್ಬರೂ ನಂಬಿದ್ದರು.

ಮೂರನೆಯ ದಿನ ವೀರಭದ್ರಪ್ಪ ಪಾಳಿ ಮುಗಿಸಿ ಕಾರ್ಖಾನೆಯ ಬಸ್ಸಿನಿಂದ ಮಗಳ ಕಾಲೇಜಿನ ಮುಂದೆಯೇ ಇಳಿದ. ಹುಡುಗಿಯರು ಹೊರಗೆ ಬರುವ ಹೊತ್ತು. ಸಂಯುಕ್ತಾ ಗೆಳತಿಯರಾದ ಲಹರಿ, ನಿಖಿತಾ ಜೊತೆ ಬರುತ್ತಿದ್ದಳು.

“ಬ್ಯಾಗ್ ಕೊಡು.”

“ಯಾಕಪ್ಪಾ? ಮನ್ಯಾಗ ನೋಡು.”

ಅವನು ಕಸಿದುಕೊಂಡು ರಸ್ತೆಯ ಮೇಲೆ ಸುರಿದ. ಪುಸ್ತಕ, ಡಬ್ಬಿ, ಬಾಚಣಿಗೆ, ತಿಂಗಳ ಪ್ಯಾಡಿನ ಪೊಟ್ಟಣ. ಒಂದೊಂದನ್ನೂ ಬೂಟಿನ ತುದಿಯಿಂದ ಸರಿಸಿದ. “ಇಲ್ಲಿ ನಿನ್ನ ಹುಡುಗ ಯಾರಂವ? ತೋರ್ಸು. ಇವ್ರಿಗೆ ಗೊತ್ತಿರ್ತೈತಿ, ಕೇಳ್ಲಿ?”

ಹೆಣ್ಣುಮಕ್ಕಳು ನೋಡುತ್ತಿದ್ದಾರೆಂದು ತೆಲುಗಿನಲ್ಲಿ ತಡೆಯುತ್ತ ವಾಚ್‌ಮನ್ ಓಡಿ ಬಂದ. “ಸಾರ್, ರೋಡ್ ಮೀದ ಏಂಟಿ ಇದಿ? ಆಡಪಿಲ್ಲಲು ಚೂಸ್ತುನ್ನಾರು.”

“ನಾ ಕೂತುರು, ನಾ ಇಷ್ಟಂ,” ಎಂದ ವೀರಭದ್ರಪ್ಪ, ತನ್ನ ಮಗಳು ತನ್ನಿಷ್ಟ ಎಂಬ ಗತ್ತಿನಲ್ಲಿ.

ಪೊಟ್ಟಣವನ್ನು ಎತ್ತಿಕೊಂಡವಳು ಲಹರಿ. ಸಂಯುಕ್ತಾ ಬಗ್ಗಲೂ ಇಲ್ಲ, ಅಳಲೂ ಇಲ್ಲ.

ಆ ಸಂಜೆ ಅನ್ನಕ್ಕೆ ಕೂತಾಗ ವೀರಭದ್ರಪ್ಪ ತೀರ್ಪು ಹೇಳಿದ. “ದಸರಾ ಸೂಟಿಗೆ ನನ್ನ ತಮ್ಮ ಹುಲಗೇಶ ಬರ್ತಾನ. ಟಿಸಿ ತಗೊಂಡು ಅವನ ಜೋಡಿ ಊರಿಗೆ ಕಳಸ್ತೀನಿ. ಕಾಕಾನ ಮನ್ಯಾಗ ಇರ್ಲಿ. ಅಲ್ಲಿ ನೆಟ್ವರ್ಕೂ ಬರಾಂಗಿಲ್ಲ, ಹುಡುಗ್ರೂ ಬರಾಂಗಿಲ್ಲ. ವರ್ಷದಾಗ ಒಂದು ವರ ನೋಡೂಣು.”

“ಪರೀಕ್ಷಾ?” ಎಂದಳು ಸಂಯುಕ್ತಾ.

ಉಷಾ ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟಳು. “ಫೋನ್ ನೋಡ್ತಿದ್ದಾಕಿ ನಾನು.”

ಯಾರಿಗೂ ಕೇಳಿಸಲಿಲ್ಲವೇನೋ ಎಂಬಂತೆ ಊಟ ಸಾಗಿತು. ಅವಳು ಮತ್ತೆ ಹೇಳಿದಳು. “ಹತ್ತರಿಂದ ಹನ್ನೊಂದೂವರಿ ತನ ಫೋನ್ ನನ್ನ ಕೈಯಾಗ ಇರ್ತಿತ್ತು. ಕೀಲಿ ತೆಗದಾಕಿನೂ ನಾನ. ಮಗಳದು ಇದ್ರಾಗ ಏನೂ ಇಲ್ಲ.”

ಮೊದಲು ನಕ್ಕವನು ಗಂಡ. “ನೀನಾ? ಟಿವಿ ಹಚ್ಚಾಕ ಮಗಳನ್ನ ಕರೀತಿ, ನೀ ಏನ್ ಫೋನ್ ನೋಡ್ತಿ?”

“ನೋಡ್ತೀನಿ. ಸುಮ್ನ ನೋಡ್ತೀನಿ.”

“ಸುಮ್ನ ಅಂದ್ರ ಏನ? ಏನರ ಕೆಲಸ ಇರಬೇಕಲ್ಲ?”

“ಕೆಲಸ ಇಲ್ಲದ ನೋಡ್ತೀನಿ. ನೀವು ಇಸ್ಪೇಟ್ ಆಡಾಕ ಹೋಗೂದಿಲ್ಲೇನು? ಹಂಗ.”

ಈಗ ಮುತ್ಯಾನೂ ನಕ್ಕ. ಆದರೆ ಅವನ ನಗುವಿನಲ್ಲಿ ಅವಮಾನವಿತ್ತು. “ಇಲ್ಲ ಬಿಡವಾ. ನನ್ನ ತಲಿ ಬುಡದಾಗಿಂದ ನೀ ಕೀಲಿ ತೆಗೀತೀ? ಇಡೀ ನೌಕರಿ ಗೇಟ್ ಕಾಯ್ದಾಂವ ನಾನು. ಮಗಳ ತಪ್ಪು ತಾಯಿ ಹೊತ್ಕೊಳ್ಳಾಕತ್ತಾಳ, ಅಷ್ಟ.”

“ತಾಯಿ ಕರುಳು,” ಎಂದ ವೀರಭದ್ರಪ್ಪ. “ಸಾರು ಹಾಕು.”

ಅನ್ನ ಕಲಸುತ್ತಿದ್ದ ಕಾರ್ತಿಕನಿಗೆ ಆ ನಗುವಿನ ಅಮಲು ತಲೆಗೇರಿತು. ತಂಗಿಯ ಭುಜ ತಟ್ಟಿದ. “ಚಿಂತಿ ಮಾಡಬ್ಯಾಡ ಸಂಯು. ಊರಿಗೆ ಹೋಗುಮುಂದ ಇಂಜಿನ್‌ನಾಗ ಡ್ರೈವರ್ ಬಾಜೂಕ ಕುಂದರು. ಹಳಿ ನೋಡ್ಕೋತ ಹೋಗಬೌದು.”

ಸೌಟು ಉಷಾಳ ಕೈಯಲ್ಲೇ ನಿಂತಿತು. ತಾನು ಏನು ನೋಡುತ್ತೇನೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹಳಿಯ ಮಾತು ಗೊತ್ತಿದ್ದದ್ದು ಅವಳಿಗೆ, ಮಗಳಿಗೆ. ಮತ್ತು ಆ ಆ್ಯಪಿನಲ್ಲಿ ಕಂಡವನಿಗೆ.

ಮಗನ ಮುಖ ನೋಡಿದಳು. ಅವನು ಮಜ್ಜಿಗೆ ಕೇಳಿದ. ಬಡಿಸಿದಳು.

ಆಮೇಲೆ ಗಂಡನ ಕಡೆ ತಿರುಗಿದಳು. “ಏನ್ರಿ, ನೀವು ಯೂನಿಯನ್‌ನಾಗ ಇದ್ದಾಗ ಏನೋ ಮಾಡಿದ್ರಲ್ಲ, ಮುಷ್ಕರ ಅಲ್ಲ, ಮತ್ತೊಂದು, ಏನದು?”

ವೀರಭದ್ರಪ್ಪನಿಗೆ ಇಷ್ಟದ ಕಥೆ. ಎಡಗೈ ಬೀಸಿದ. “ವರ್ಕ್ ಟು ರೂಲ್! ಕೆಲಸ ನಿಲ್ಲಸಾಂಗಿಲ್ಲ. ನಿಯಮದಾಗ ಇದ್ದಷ್ಟ ಮಾಡೂದು, ಒಂದು ಎಳಿ ಹೆಚ್ಚಿಲ್ಲ. ಎಣ್ಣಿ ಹಾಕೂದು ನನ್ನ ಕೆಲಸ ಅಲ್ಲ ಅಂದ್ರ ಹಾಕಾಂಗಿಲ್ಲ. ಮಶೀನು ಕಿರಿ ಕಿರಿ ಅಂತಿದ್ವು. ಮ್ಯಾನೇಜ್‌ಮೆಂಟ್ ಯಾರನ್ನೂ ಸಸ್ಪೆಂಡ್ ಮಾಡಾಕ ಆಗಲಿಲ್ಲ. ಮೂರನೇ ವಾರಕ್ಕ ನಮ್ಮ ಕಾಲಿಗೆ ಬಂದ್ರು.”

“ಮೂರು ವಾರ,” ಎಂದಳು ಉಷಾ, ಉಂಡ ಗಂಗಾಳ ಎತ್ತಿಕೊಳ್ಳುತ್ತ.

ಮಾರನೆಯ ದಿನ ಮುಂಜಾನೆ ಅವಳು ಮಾವನ ಮಂಚದ ಮುಂದೆ ನಿಂತಳು. “ಮಾವಾರ, ಒಂದು ಕೇಳ್ತೀನಿ. ಗೇಟ್ ಒಬ್ಬರಿಗೇ ಇರ್ತೈತೋ, ಎಲ್ಲಾರಿಗೂ ಇರ್ತೈತೋ?”

“ಎಲ್ಲಾರಿಗೂ! ಜನರಲ್ ಮ್ಯಾನೇಜರ್—”

“ಹಂಗಾದ್ರ ಒಂಬತ್ತಕ್ಕ ನಿಮ್ಮ ಮಗನ ಫೋನೂ ಒಳಗ. ಮೊಮ್ಮಗಂದೂ ಒಳಗ. ಟೋಕನ್ ಅದಾವಲ್ಲ.”

ಮುತ್ಯಾ ಬಿಲ್ಲೆಗಳನ್ನು ಎಣಿಸಿದ. ಗೇಟಿನ ವಿಷಯದಲ್ಲಿ ತಾನೇ ಆಡಿದ ಮಾತು ಹಿಂದೆ ತೆಗೆದುಕೊಳ್ಳುವುದು ಅವನಿಂದ ಆಗದು. “ಕಾನೂನು ಕಾನೂನ,” ಎಂದ.

“ಗೇಟ್ ಐತಿ ಅಂದಮ್ಯಾಲ ಕ್ಯಾಂಟೀನೂ ಐತಿ. ಕಾರ್ಖಾನಿ ಕ್ಯಾಂಟೀನ್ ಹೊತ್ತು ಮುಗಿದ ಮ್ಯಾಲ ಊಟ ಕೊಡ್ತೈತೇನು?”

“ಒಂದು ಚಾ ಸುದ್ದಾ ಕೊಡಾಂಗಿಲ್ಲ. ಶಟರ್ ಎಳೀತಾರ.”

“ಮುಂಜಾನಿ ಏಳರಿಂದ ಎಂಟು. ರಾತ್ರಿ ಎಂಟರಿಂದ ಎಂಟೂವರಿ. ರಾತ್ರಿ ಫೋನ್ ಪೆಟ್ಟಿಗ್ಯಾಗ ಇಟ್ಟು ಟೋಕನ್ ತೋರಿಸಿದವ್ರಿಗೆ ಗಂಗಾಳ. ಡಬ್ಬಿ ಕಟ್ಟೂದು ಕ್ಯಾಂಟೀನ್ ಕೆಲಸ ಅಲ್ಲ.”

“ಡಬ್ಬಿ ಇಲ್ಲ?” ಬಾತ್‌ರೂಮಿನಿಂದ ವೀರಭದ್ರಪ್ಪನ ದನಿ ಬಂತು.

“ಎಣ್ಣಿ ಹಾಕೂದು ನನ್ನ ಕೆಲಸ ಅಲ್ಲ,” ಎಂದಳು ಉಷಾ.

ಅವನು ಟವೆಲ್ ಸುತ್ತಿಕೊಂಡು ಹೊರಗೆ ಬಂದು ಮಗನಿಗೆ ಕಣ್ಣು ಹೊಡೆದ. “ಎರಡು ದಿನ. ಆಟ ಆಡ್ಲಿ.”

ಎರಡು ದಿನ ಕಳೆದವು. ಉಷಾ ಏರುದನಿಯಲ್ಲಿ ಮಾತಾಡಲಿಲ್ಲ, ಅಳಲಿಲ್ಲ, ಮುನಿಸಿಕೊಂಡು ಮಲಗಲಿಲ್ಲ. ಎಂಟಕ್ಕೆ ಬಿಸಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಎಂಟೂವರೆಗೆ ಎಲ್ಲ ತೊಳೆದು ಬೋರಲು. ಸಂಯುಕ್ತಾ ಎಂಟಕ್ಕೆ ಸರಿಯಾಗಿ ಬಿಲ್ಲೆ ತೋರಿಸಿ ಉಣ್ಣುತ್ತಿದ್ದಳು. ಅವಳ ಗಂಗಾಳಕ್ಕೆ ತುಪ್ಪ ಬೀಳುತ್ತಿತ್ತು.

ಕಾರ್ತಿಕ ಒಂಬತ್ತೂಕಾಲಿಗೆ ಬಂದು ಖಾಲಿ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. “ಅವ್ವಾ, ಹಸಿವಾಗೇತಿ.”

“ಕ್ಯಾಂಟೀನ್ ಬಂದ್ ಆಗೇತಿ.”

“ಹೊರಗಿಂದ ತರಿಸ್ಕೋತೀನಿ ಬಿಡು.” ಫೋನು ತೆಗೆದ. ಮುತ್ಯಾ ಕೈ ಚಾಚಿ ನಿಂತಿದ್ದ. ಒಂಬತ್ತು ದಾಟಿತ್ತು. “ಮುತ್ಯಾ, ಎರಡು ನಿಮಿಷ!”

“ಸಾಹೇಬ್ರು ಹಿಂಗ ಅಂತಿದ್ರು,” ಎಂದ ಮುತ್ಯಾ. ಫೋನು ಪೆಟ್ಟಿಗೆಯೊಳಗೆ ಹೋಯಿತು.

ಅವನು ಪಕ್ಕದ ಮನೆಯ ನಳಿನಿ ಆಂಟಿಯ ಬಾಗಿಲು ಬಡಿದ. ಮೈಸೂರಿನ ಹೆಂಗಸು, ಒಗ್ಗರಣೆಯ ಘಮ ಹೊರಗಿನ ತನಕ ಬರುತ್ತಿತ್ತು. “ಇಲ್ಲಪ್ಪ ಕಾರ್ತಿಕ್,” ಎಂದಳು ಅರ್ಧ ಬಾಗಿಲು ತೆರೆದು. “ನಿಮ್ಮಮ್ಮ ನಿನ್ನೇನೇ ಹೇಳಿಟ್ಟಿದ್ದಾರೆ. ನೀನು ಬಂದ್ರೆ ಒಂದು ಲೋಟ ನೀರು ಕೊಡಬಹುದಂತೆ. ಕೊಡ್ಲಾ?”

ಮುತ್ಯಾನ ಹತ್ತು ಗಂಟೆಯ ಬಿಸಿ ಹಾಲೂ ಹೋಯಿತು. ಒಂದು ರಾತ್ರಿ ತಾನೇ ಒಲೆ ಹಚ್ಚಿ ಹಾಲು ಉಕ್ಕಿಸಿ ಕಟ್ಟೆಯೆಲ್ಲ ಚೆಲ್ಲಿದ. ಉಷಾ ನೋಡಿಕೊಂಡೇ ಹಾದುಹೋದಳು. ಮುತ್ಯಾ ಬಗ್ಗಿ ಕಟ್ಟೆ ಒರೆಸಿದ.

ಹತ್ತನೆಯ ದಿನವೋ ಹನ್ನೊಂದನೆಯದೋ, ವೀರಭದ್ರಪ್ಪ ಮಧ್ಯಾಹ್ನವೇ ಮನೆಗೆ ಬಂದು ಬೂಟು ಒದರಿದ. ಪಾಳಿ ಬದಲಾದ ಸುದ್ದಿ ರಾತ್ರಿ ಅವನ ಸೆಕ್ಷನ್ನಿನ ಗುಂಪಿಗೆ ಬಂದಿತ್ತು. ಫೋನು ಪೆಟ್ಟಿಗೆಯೊಳಗಿತ್ತು. ಬೆಳಿಗ್ಗೆ ಅದನ್ನು ಬಿಡಿಸಿಕೊಂಡು ಓದುವ ಹೊತ್ತಿಗೆ ಮೊದಲ ಪಾಳಿಯ ಬಸ್ಸು ಪಟಾನ್‌ಚೆರು ದಾಟಿತ್ತು.

“ತಡ ಆಗಿ ಹೋದೆ ಅಂತ ಗೇಟ್‌ನಾಗ ನಿಲ್ಸಿದ್ರು! ನಿನ್ನಿ ಮೊನ್ನಿ ಸೇರಿದ ಹುಡುಗ್ರ ಮುಂದ! ‘ಏಂ ವೀರಭದ್ರಂ, ಯೂನಿಯನ್ ಲೀಡರ್ ನಿದ್ರಪೋಯಾಡಾ’ ಅಂದ ಸೆಕ್ಯುರಿಟಿಯಾಂವ. ಎಲ್ಲಾರೂ ನಕ್ರು.”

“ಗೇಟ್‌ನಾಗ ನಿಲ್ಸಿದ್ರು?” ಎಂದಳು ಉಷಾ.

“ಹೌದು!”

“ಎಲ್ಲಾರ ಮುಂದ?”

“ಹೌದಂದ್ನೆಲ್ಲ!”

“ಬ್ಯಾಗ್ ಸುರುವಿದ್ರೇನು?”

ಅವನು ಕೂಗಿದ, ಗ್ಲಾಸು ಎಸೆದ. ಅದು ಸ್ಟೀಲಿನದು, ಉರುಳಿಕೊಂಡು ಅವನ ಕಾಲಿಗೇ ಬಂತು. “ಹುಲಗೇಶ ಈ ರವಿವಾರ ಬರ್ತಾನ. ಆಕಿ ಹೋಗೇ ಹೋಗ್ತಾಳ. ನಿನ್ನ ಕ್ಯಾಂಟೀನು ನಡಸು ನೀನು, ನೋಡ್ತೀನಿ.”

ಸಂಯುಕ್ತಾಳ ಬಟ್ಟೆಯ ಚೀಲವನ್ನು ಅವನೇ ಕಪಾಟಿನ ಮೇಲಿಂದ ಇಳಿಸಿ ನಡುಮನೆಯಲ್ಲಿಟ್ಟ. ರವಿವಾರಕ್ಕೆ ನಾಲ್ಕು ದಿನ ಉಳಿದಿತ್ತು.

“ಅವ್ವಾ, ಆಗಲಿಲ್ಲ,” ಎಂದಳು ಸಂಯುಕ್ತಾ ಆ ಸಂಜೆ, ಹಿಟ್ಟು ನಾದುತ್ತ.

“ನಿಮ್ಮಣ್ಣನ ಕಂಪನಿ ಪರೀಕ್ಷಾ ಎಂದೈತಿ?”

“ನಾಳೆ ರಾತ್ರಿ ಒಂಬತ್ತೂವರಿಗೆ. ಕಂಪ್ಯೂಟರ್‌ನಾಗ. ಯಾಕ?”

“ಕಂಪ್ಯೂಟರ್ ಸಾಕೇನು ಅದಕ್ಕ?”

ಸಂಯುಕ್ತಾಳ ಕೈ ನಿಂತಿತು. “ಒಟಿಪಿ ಫೋನಿಗೆ ಬರ್ತೈತಿ.”

“ಕಡಬು ಮಾಡ್ತೀನಿ ನಾಳೆ,” ಎಂದಳು ಉಷಾ. “ಅವಂಗ ಭಾಳ ಇಷ್ಟ.”

ಮರುದಿನ ಹೂರಣದ ವಾಸನೆಗೆ ಕಾರ್ತಿಕ ಎಂಟಕ್ಕೆ ಮೊದಲೇ ಮನೆಯಲ್ಲಿದ್ದ. ಹತ್ತು ಹನ್ನೆರಡು ದಿನದಿಂದ ಹೊರಗಿನ ಎಣ್ಣೆಯಲ್ಲಿ ಬೆಂದ ಹೊಟ್ಟೆ. ಫೋನನ್ನು ತಾನಾಗಿಯೇ ಮುತ್ಯಾನ ಕೈಗಿತ್ತು, ಬಿಲ್ಲೆಯನ್ನು ತಾಯಿಯ ಮುಖದ ಮುಂದೆ ಕುಣಿಸಿ, ಕೂತ. ತುಪ್ಪ ಕೇಳಿದ. ಬಂತು. ಮತ್ತೆರಡು ಕಡಬು ಕೇಳಿದ. ಬಂದವು. ತೇಗಿ, ಕೈ ತೊಳೆದು, ಒಂಬತ್ತೂಕಾಲಿಗೆ ಕಂಪ್ಯೂಟರ್ ತೆರೆದು ಕೂತವನು ಇದ್ದಕ್ಕಿದ್ದಂತೆ ಎದ್ದುನಿಂತ.

“ಮುತ್ಯಾ, ಫೋನ್ ಕೊಡು. ಒಟಿಪಿ ಬರ್ತೈತಿ.”

“ಮುಂಜಾನಿ ಆರಕ್ಕ.”

“ತಮಾಷಿ ಅಲ್ಲ ಮುತ್ಯಾ! ನೌಕರಿ ಪರೀಕ್ಷಾ ಐತಿ! ಅಪ್ಪಾ, ಹೇಳು!”

ವೀರಭದ್ರಪ್ಪ ಎದ್ದು ಬಂದ. “ಅಪ್ಪಾ, ಕೀಲಿ ಕೊಡು. ಹುಡುಗನ ಬಾಳೇವು.”

“ಕೀಲಿ ನನ್ನ ಕಡೆ ಇಲ್ಲ,” ಎಂದ ಮುತ್ಯಾ. “ಗೇಟ್ ಒಡದಾಕಿನ್ನ ಹಿಡೀಬೇಕಂದ್ರ ಕೀಲಿ ಬ್ಯಾರೇದವ್ರ ಕಡೆ ಇರ್ಬೇಕು ಅಂದ್ಳು ಸೊಸಿ. ಖರೇ ಅನಿಸ್ತು. ಆಕಿ ಕಡೆ ಐತಿ.”

ಉಷಾ ನಡುಮನೆಯ ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚಿ ಕೂತಿದ್ದಳು. ಆ ಮನೆಯ ನಡುಮನೆಯಲ್ಲಿ ಅವಳು ಹಾಗೆ ಕೂತದ್ದನ್ನು ಯಾರೂ ನೋಡಿರಲಿಲ್ಲ. ಕೀಲಿ ಅವಳ ತಾಳಿಯ ಪಕ್ಕದಲ್ಲಿತ್ತು.

“ಅವ್ವಾ, ಕೈ ಮುಗೀತೀನಿ.”

“ನಿನ್ನ ಆ್ಯಪ್‌ನಾಗ ತಂಗಿ ಫೋನಿಂದು ಏನೇನು ಕಾಣ್ತಿತ್ತು? ಅಪ್ಪಗ ಹೇಳು.”

“ಆಮ್ಯಾಲ ಹೇಳ್ತೀನಿ, ಮೊದಲ—”

“ಮೊದಲ ಹೇಳು.”

ಗೋಡೆಯ ಗಡಿಯಾರ ನೋಡಿದ, ಅಪ್ಪನನ್ನು ನೋಡಿದ. “ವಿಡಿಯೊ ಹೆಸರು ಕಾಣ್ತಿದ್ವು.”

“ಯಾವ ವಿಡಿಯೊ?” ಎಂದ ವೀರಭದ್ರಪ್ಪ.

“ರೈಲು.”

“ರೈಲು?”

“ಬರೇ ರೈಲು ಅಪ್ಪಾ. ಇಂಜಿನ್‌ನಾಗ ಕುಂತು ತೆಗದದ್ದು. ದಿನಾ ಅವ.”

“ಹುಡುಗ? ಮೆಸೇಜು? ಏನೂ ಇರ್ಲಿಲ್ಲೇನು?”

“ಇಲ್ಲ.”

“ಸಂಯು ರೈಲು ಯಾಕ ನೋಡ್ತಾಳ?”

ಕಾರ್ತಿಕ ತಾಯಿಯ ಕಡೆ ನೋಡಿದ. “ಸಂಯು ಅಲ್ಲ. ಅವ್ವ. ಒಂದು ರಾತ್ರಿ ನೀರು ಕುಡ್ಯಾಕ ಎದ್ದಾಗ ಬಾಲ್ಕನ್ಯಾಗ ನೋಡಿದ್ದೆ. ನನಗ ಮೊದಲಿಂದ ಗೊತ್ತಿತ್ತು.”

“ಗೊತ್ತಿತ್ತು!” ವೀರಭದ್ರಪ್ಪನ ಕೈ ಮಗನ ಕೆನ್ನೆಗೆ ಬಿತ್ತು. “ಗೊತ್ತಿದ್ದು ನನ್ನನ್ನ ಕಾಲೇಜಿಗೆ ಕಳಿಸಿದೇನಲೇ?”

“ಅವ ಕಳಿಸ್ಲಿಲ್ಲ,” ಎಂದಳು ಸಂಯುಕ್ತಾ ಬಾಗಿಲಿನಿಂದ. “ನೀನಾಗೇ ಬಂದಿ.”

ಕಾರ್ತಿಕ ಕೆನ್ನೆ ಹಿಡಿದುಕೊಂಡೇ ತಾಯಿಯ ಕಾಲ ಬಳಿ ಕೂತ. “ಹೇಳಿದ್ನಲ್ಲ. ಈಗ ಕೊಡು.”

ಪೆಟ್ಟಿಗೆಯೊಳಗೆ ಫೋನು ಗುಂಯ್ಯೆಂದಿತು. ಒಟಿಪಿ ಬಂದಿತ್ತು.

“ಅವ್ವಾ!”

“ಮಾವಾರ,” ಎಂದಳು ಉಷಾ, “ಗೇಟ್ ಎಷ್ಟಕ್ಕ ತೆಗೀತಾರ?”

ಮುತ್ಯಾ ಮಗನನ್ನು ನೋಡಿದ, ಮೊಮ್ಮಗನನ್ನು ನೋಡಿದ. ನಡುಮನೆಯಲ್ಲಿಟ್ಟಿದ್ದ ಹುಡುಗಿಯ ಚೀಲವನ್ನು ನೋಡಿದ. “ಆರಕ್ಕ.”

ಪೆಟ್ಟಿಗೆ ಮತ್ತೊಮ್ಮೆ ಗುಂಯ್ಯೆಂದಿತು. ವೀರಭದ್ರಪ್ಪ ಅದನ್ನು ಒಡೆಯಲು ಎತ್ತಿದ. ಮುತ್ಯಾ ಮಂಚದಿಂದ ಇಳಿದು ಮಗನ ಎದುರು ನಿಂತ, ಗೇಟಿನಲ್ಲಿ ನಿಲ್ಲುತ್ತಿದ್ದ ಹಾಗೆ. “ಇಡು ಕೆಳಗ.” ವೀರಭದ್ರಪ್ಪ ಇಟ್ಟ. ಮೂರನೆಯ ಸಲ ಪೆಟ್ಟಿಗೆ ಸದ್ದು ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಏನೋ ಬಂದು, ಏನೋ ಹೋಗಿ, ಪರದೆ ಬಿಳಿಯಾಯಿತು.

“ಅವನ ಒಂದು ವರ್ಷ ಕೆಡಿಸಿದಿ ನೀನು,” ಎಂದ ವೀರಭದ್ರಪ್ಪ ಹೆಂಡತಿಗೆ.

“ಆಕಿದು ನೀವು ಇಡೀ ಬಾಳೇವು ಕೆಡಸಾಕ ಚೀಲ ಕಟ್ಟೀರಿ. ಇವಂಗ ಇನ್ನೊಂದು ಪರೀಕ್ಷಾ ಬರ್ತೈತಿ. ಅವತ್ತು ಎಂಟರೊಳಗ ಕೇಳಂತ ಹೇಳ್ರಿ, ಕೊಡ್ತೀನಿ.”

ಆರಕ್ಕೆ ಗೇಟು ತೆಗೆಯುತ್ತಲೇ ವೀರಭದ್ರಪ್ಪ ತಮ್ಮನಿಗೆ ಫೋನು ಮಾಡಿದ. ಹುಲಗೇಶ ಬರುವುದು ಬೇಡ. ಚೀಲವನ್ನು ಕಪಾಟಿನ ಮೇಲಕ್ಕೆ ತಾನೇ ಎಸೆದ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. “ಆತಲ್ಲ? ಡಬ್ಬಿ ಕಟ್ಟು ಇನ್ನ.”

“ಕಾಲೇಜಿಗೆ ಬರ್ರಿ.”

“ಟಿಸಿ ತಗೊಳ್ಳಾಂಗಿಲ್ಲ ಅಂದ್ನೆಲ್ಲ.”

“ಅದಕ್ಕಲ್ಲ. ಬ್ಯಾಗ್ ಸುರುವಿದ್ರಲ್ಲ, ಅಲ್ಲೇ ನಿಂತು, ಅವ ಹುಡುಗ್ಯಾರ ಮುಂದ, ತಪ್ಪು ನಂದು ಅಂತ ಹೇಳ್ಬೇಕು.”

“ತಲಿ ಕೆಟ್ಟೈತೇನ ನಿನಗ? ಗಂಡಸ ನಾನು. ಮನ್ಯಾಗ ಬೇಕಾದ್ರ ಹೇಳ್ತೀನಿ.”

“ಮನ್ಯಾಗ ಸುರುವಿರ್ಲಿಲ್ಲ.”

ಅವನು ಹೊರಗೆ ನಡೆದ. ಮತ್ತೆ ನಾಲ್ಕು ದಿನ ಕಾರ್ಖಾನೆಯ ಕ್ಯಾಂಟೀನಿನ ನೀರು ಸಾಂಬಾರು ಉಂಡ. ಬಟ್ಟೆ ಒಗೆಯುವುದೂ ಮನೆಯ ಕ್ಯಾಂಟೀನಿನ ಕೆಲಸವಲ್ಲವೆಂದು ತಿಳಿದದ್ದು ಮಾಸಿದ ಕಾಲರಿನ ಅಂಗಿ ಹಾಕಿಕೊಂಡು ಹೋಗಿ ಜೊತೆಗಾರರಿಂದ ಮಾತು ಕೇಳಿದಾಗ. ಆಮೇಲೆ ಯಾರೋ ಕಾರಣ ಕೇಳಿದರು. ನಳಿನಿಯ ಗಂಡನೂ ಅದೇ ಸೆಕ್ಷನ್ನಿನವನು, ಎಲ್ಲ ಹೇಳಿಬಿಟ್ಟ. ಮರುದಿನದ ಹೊತ್ತಿಗೆ ಇಡೀ ಸೆಕ್ಷನ್ನು ಅವನನ್ನು ಕಂಡಾಗಲೆಲ್ಲ “ವರ್ಕ್ ಟು ರೂಲ್ ಜಿಂದಾಬಾದ್” ಎನ್ನತೊಡಗಿತ್ತು.

ದಸರೆಗೆ ಕಾಲೇಜು ಮುಚ್ಚುವ ದಿನ ಹುಡುಗಿಯರ ಬತುಕಮ್ಮ, ಹೂವಿನ ಹಬ್ಬ. ಗೇಟಿನ ಮುಂದೆ ತಂಗಡಿ ಹೂವಿನ ರಾಶಿ, ಸೀರೆಯುಟ್ಟ ಇಂಟರ್ ಹುಡುಗಿಯರು. ವೀರಭದ್ರಪ್ಪ ಹೆಂಡತಿಯ ಹಿಂದೆ ಹಿಂದೆ ಬಂದ. ವಾಚ್‌ಮನ್ ಗುರುತು ಹಿಡಿದು ಎದ್ದು ನಿಂತ. ಲಹರಿ, ನಿಖಿತಾ ಹಾಡು ನಿಲ್ಲಿಸಿದರು.

ಅವನು ಆ ದಿನ ಬ್ಯಾಗು ಸುರಿದ ಜಾಗಕ್ಕೆ ಬಂದು ಮಗಳದು ತಪ್ಪಿಲ್ಲ, ತಪ್ಪು ತನ್ನದೆಂದು ನೆಲ ನೋಡುತ್ತ ತೆಲುಗಿನಲ್ಲಿ ಗೊಣಗಿದ. “ನಾ ಕೂತುರು ತಪ್ಪು ಲೇದು. ತಪ್ಪು ನಾದಿ.”

ಸಂಯುಕ್ತಾ ಕೈಯಲ್ಲಿ ಹೂವಿನ ತಟ್ಟೆ ಹಿಡಿದು ಎದುರಿಗೇ ನಿಂತಿದ್ದಳು. ಅಪ್ಪನ ಮುಖವನ್ನು ಪೂರಾ ನೋಡಿದಳು.

“ಜೋರಂಗ ಹೇಳಪ್ಪಾ,” ಎಂದಳು. “ಹಿಂದ ನಿಂತವ್ರಿಗೆ ಕೇಳವಲ್ದು.”

ಅವನು ಜೋರಾಗಿ ಹೇಳಿದ.

ಆ ರಾತ್ರಿ ಒಂಬತ್ತಕ್ಕೆ ಮುತ್ಯಾ ಪೆಟ್ಟಿಗೆ ಹಿಡಿದು ಕೂತ. ವೀರಭದ್ರಪ್ಪನ ಫೋನು ಒಳಗೆ ಹೋಯಿತು. ಕಾರ್ತಿಕನದು ಹೋಯಿತು. ಸಂಯುಕ್ತಾ ತನ್ನದನ್ನು ತಾಯಿಯ ಕೈಗೆ ಕೊಟ್ಟು ಓದಲು ಕೂತಳು. ಮುತ್ಯಾ ಕೈ ಚಾಚಲಿಲ್ಲ. ಹುಡುಗಿಯ ಬಿಲ್ಲೆಯನ್ನು ತೆಗೆದು ಟ್ರಂಕಿಗೆ ಹಾಕಿದ.

ಉಷಾ ಬಾಲ್ಕನಿಗೆ ಹೋಗಲಿಲ್ಲ. ನಡುಮನೆಯ ಕುರ್ಚಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಕೂತು, ಮೊದಲ ಸಲ ದನಿ ಹಚ್ಚಿದಳು. ಹಾರ್ನು ಮನೆಯೆಲ್ಲ ತುಂಬಿತು. ಅಡುಗೆಮನೆಯಲ್ಲಿ ಕಾರ್ತಿಕ ಗಂಗಾಳ ತಿಕ್ಕುವ ಸದ್ದು ಅದರಲ್ಲಿ ಮುಳುಗಿತು.

ವೀರಭದ್ರಪ್ಪ ಸ್ವಲ್ಪ ಹೊತ್ತು ಅತ್ತಿತ್ತ ಅಡ್ಡಾಡಿದ. ಆಮೇಲೆ ಅವಳ ಕುರ್ಚಿಯ ಹಿಂದೆ ಬಂದು ನಿಂತು ಬಗ್ಗಿ ನೋಡಿದ. ಹಳಿ, ಗುಡ್ಡ, ಮತ್ತೆ ಹಳಿ. ಪರದೆ ಪೂರ್ತಿ ಕಪ್ಪಾಯಿತು. ಅವನು ಕಾದ.

“ಮುಗೀತೇನು?” ಎಂದ, ಬಹಳ ಮೆತ್ತಗೆ. “ನಾಳಿಂದ ಡಬ್ಬಿ...”

“ಮುಗ್ದಿಲ್ಲ. ಸುರಂಗ ಐತಿ,” ಎಂದಳು ಉಷಾ, ಕಣ್ಣೆತ್ತದೆ. “ಭಾಳ ಉದ್ದ ಐತಿ.”